ಮನೆ ಕೊಚ್ಚಿ ನಗರಕ್ಕೆ ಹೋದದ್ದು: ಹಳೆಯ ತಪ್ಪುಗಳನ್ನು ನೆನಪಿಡುವ ಸ್ಕ್ರಿಪ್ಟುಗಳ ಕತೆ

2018ರ ಆಗಸ್ಟ್ ತಿಂಗಳ ಪ್ರವಾಹ ಇಳಿದ ಮೇಲೆ ಕೇರಳದಲ್ಲಿ ಕಾಗದದ ಪ್ರವಾಹ ಶುರುವಾಯಿತು. ಪರಿಹಾರದ ಅರ್ಜಿ, ಸೂಚನಾಪತ್ರ, ಕೈಪಿಡಿ. ಕಾಸರಗೋಡಿನ ಕನ್ನಡಿಗರಿಗಾಗಿ ಅವುಗಳಲ್ಲಿ ಕೆಲವು ಕನ್ನಡಕ್ಕೂ ಬರಬೇಕಿತ್ತು. ನಾನು ಆಗ ಕೊಚ್ಚಿಯಲ್ಲಿದ್ದೆ. ಅನುವಾದ ಮಾಡಿ ತಿರುವನಂತಪುರಂಗೆ ಕಳುಹಿಸುವುದು, ಅಲ್ಲಿಂದ ಬಂದ ತಿದ್ದುಪಡಿಗಳನ್ನು ಸೇರಿಸಿ ಮತ್ತೆ ಕಳುಹಿಸುವುದು ನನ್ನ ಪಾಲಿನ ಕೆಲಸ. ಒಂದು ತಿದ್ದುಪಡಿ ಹೀಗಿತ್ತು: ‘ಕೊಚ್ಚಿ’ ಎಂದಿರುವಲ್ಲೆಲ್ಲ ‘ಕೊಚ್ಚಿ ನಗರ’ ಎಂದಾಗಬೇಕು. ಕಾರಣ ನ್ಯಾಯವಾದದ್ದೇ. ಕೊಚ್ಚಿ ಹೆಸರಿನ ತಾಲೂಕು ಬೇರೆ, ನಗರಪಾಲಿಕೆಯ ವ್ಯಾಪ್ತಿ ಬೇರೆ. ಅರ್ಜಿ ಹಾಕುವವರು ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ನಲವತ್ತು ಫೈಲುಗಳನ್ನು ಒಂದೊಂದಾಗಿ ತೆರೆಯುವ ಬದಲು ಸೆಡ್ ಎಂಬ ಕಮಾಂಡ್ ಲೈನ್ ಉಪಕರಣಕ್ಕೆ ಒಂದು ಸಾಲಿನ ಆಜ್ಞೆ ಕೊಟ್ಟೆ. ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಎರಡು ದಿನದ ಮೇಲೆ ಕರಡು ಓದುತ್ತಿದ್ದ ಕಾಸರಗೋಡಿನ ನಿವೃತ್ತ ಮಾಷ್ಟ್ರೊಬ್ಬರು ಫೋನ್ ಮಾಡಿದರು. “ಅಲ್ಲ ಮಾರಾಯ್ರೆ, ಇಲ್ಲಿ ‘ಮನೆ ಪೂರ್ತಿ ಕೊಚ್ಚಿ ನಗರ ಹೋಗಿದ್ದರೆ’ ಅಂತ ಉಂಟಲ್ಲ. ನಮ್ಮ ಮನೆ ಕೊಚ್ಚಿಗೆ ಯಾಕೆ ಹೋಗ್ತದೆ?”

ನಗು ಬಂತು, ಕೂಡಲೇ ಹೊಟ್ಟೆಯೊಳಗೆ ತಣ್ಣಗಾಯಿತು. ಅದು ಯಾರೋ ಮನೆ ಕಳೆದುಕೊಂಡವರು ತುಂಬಬೇಕಾದ ಅರ್ಜಿ. ಮನೆ ಎಷ್ಟು ಹಾಳಾಗಿದೆ ಎಂದು ಕೇಳುವ ಸಾಲು ಅದು. ‘ಹೋ’ ಎಂಬ ಅಕ್ಷರ ಹಿಂದೆಯೇ ಬಂದರೆ ಮುಟ್ಟಬೇಡ ಎಂದು ಇನ್ನೊಂದು ನಿಯಮ ಸೇರಿಸಿ ಸರಿಪಡಿಸಿದೆ. ಒಂದು ತಿಂಗಳ ನಂತರ ವಿಭಕ್ತಿ ಪ್ರತ್ಯಯಗಳ ತೊಂದರೆ ಎದುರಾಯಿತು. ‘ಕೊಚ್ಚಿಯಲ್ಲಿ’ ಎಂಬುದು ‘ಕೊಚ್ಚಿ ನಗರಯಲ್ಲಿ’ ಆಗದೆ ‘ಕೊಚ್ಚಿ ನಗರದಲ್ಲಿ’ ಆಗಬೇಕು, ‘ಕೊಚ್ಚಿಗೆ’ ಎಂಬುದು ‘ಕೊಚ್ಚಿ ನಗರಕ್ಕೆ’ ಆಗಬೇಕು. ಸ್ಕ್ರಿಪ್ಟನ್ನು ಚೊಕ್ಕಟ ಮಾಡುತ್ತೇನೆಂದು ಹೊರಟವಳು ಹಳೆಯ ಕಾವಲು ನಿಯಮವನ್ನೂ ಗುಡಿಸಿ ಹಾಕಿದ್ದೆ. ಮಾಷ್ಟ್ರ ಫೋನ್ ಮತ್ತೆ ಬಂತು. ಈ ಸಲ ಅವರು ನಗಲಿಲ್ಲ. “ಕಳೆದ ಸಲ ಸರಿ ಮಾಡಿದ್ದಿರಲ್ಲ?” ಎಂದಷ್ಟೇ ಕೇಳಿದರು.

ಒಮ್ಮೆ ವಾಸಿಯಾದ ಕಾಯಿಲೆ ಮತ್ತೆ ಬಂದರೆ ಮರುಕಳಿಸಿತು ಎನ್ನುತ್ತೇವೆ. ತಂತ್ರಾಂಶದಲ್ಲಿ ಅದರ ಹೆಸರು ರಿಗ್ರೆಶನ್. ಅದನ್ನು ಹಿಡಿಯಲು ಇಟ್ಟುಕೊಳ್ಳುವ ಪರೀಕ್ಷೆಯೇ ರಿಗ್ರೆಶನ್ ಟೆಸ್ಟ್. ಮಾಷ್ಟ್ರ ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಇದೇ ಪ್ರಶ್ನೆಯನ್ನು ಮೊದಲು ಎದುರಿಸಿದವರು ಯಾರು, ಏನು ಮಾಡಿದರು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕತೆ ಇದು.

*

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಗಾಗಿ ಎಡ್ ಎಂಬ ಪಠ್ಯ ಸಂಪಾದಕವನ್ನು ಬರೆದರು. ಅದರಲ್ಲಿ ಇಂದಿನ ಹಾಗೆ ಪುಟ ಕಣ್ಣೆದುರು ಇರುವುದಿಲ್ಲ. ‘ಹತ್ತನೇ ಸಾಲಿಗೆ ಹೋಗು’, ‘ಈ ಪದದ ಬದಲು ಆ ಪದ ಹಾಕು’ ಎಂದು ಆಜ್ಞೆ ಟೈಪ್ ಮಾಡಬೇಕು, ಅದು ಮಾಡುತ್ತದೆ. ಏನಾದರೂ ಅರ್ಥವಾಗದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುತ್ತದೆ.

ಎಡ್‌ನ ಹೊಟ್ಟೆಯಿಂದಲೇ ಗ್ರೆಪ್, ಸೆಡ್ ಎರಡೂ ಹುಟ್ಟಿದವು. ಇದರ ಹಿಂದೆ ಭಾಷೆಯ ಕೆಲಸವೊಂದಿದೆ. ಲೀ ಮೆಕ್‌ಮಹನ್ ಎಂಬ ಸಹೋದ್ಯೋಗಿ ‘ಫೆಡರಲಿಸ್ಟ್ ಪೇಪರ್ಸ್’ ಎಂಬ 85 ಪ್ರಬಂಧಗಳ ಪಠ್ಯವನ್ನು ವಿಶ್ಲೇಷಿಸುತ್ತಿದ್ದರು. 1787-88ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದ ಈ ಪ್ರಬಂಧಗಳಲ್ಲಿ ಕೆಲವನ್ನು ಯಾರು ಬರೆದರೆಂಬ ವಿವಾದ ಹಳೆಯದು. ಪದಬಳಕೆಯ ಲೆಕ್ಕದಿಂದ ಅದನ್ನು ಬಿಡಿಸಲು ಯತ್ನಿಸುತ್ತಿದ್ದ ಕಾಲ ಅದು. ಅಷ್ಟು ಪಠ್ಯ ಎಡ್‌ನ ಪುಟ್ಟ ನೆನಪಿನಲ್ಲಿ ಹಿಡಿಸುತ್ತಿರಲಿಲ್ಲ. ಫೈಲನ್ನು ಪೂರ್ತಿ ಒಳಗೆ ತರದೆ ಸಾಲುಸಾಲಾಗಿ ಹುಡುಕುವ ಗ್ರೆಪ್ ಹುಟ್ಟಿದ್ದು ಈ ಅಗತ್ಯದಿಂದ ಎಂದು ಅವರ ಸಹೋದ್ಯೋಗಿ ಬ್ರಯಾನ್ ಕೆರ್ನಿಗನ್ ಹೇಳಿದ್ದಾರೆ. ಅದೇ ಬಗೆಯಲ್ಲಿ ಸಾಲುಸಾಲಾಗಿ ತಿದ್ದುವ ಸೆಡ್ಡನ್ನು 1973-74ರಲ್ಲಿ ಮೆಕ್‌ಮಹನ್ ತಾವೇ ಬರೆದರು. ನಾನು ಕೊಚ್ಚಿಯಲ್ಲಿ ಕುಳಿತು ಬಳಸಿದ ಉಪಕರಣ ಮೂಲತಃ ಪಠ್ಯ ಓದುವವನೊಬ್ಬನ ಉಪಕರಣ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಇದೇ ವರ್ಷಗಳಲ್ಲಿ, ಅದೇ ಕಟ್ಟಡದಲ್ಲಿ, ಡಗ್ಲಸ್ ಮೆಕಿಲ್‌ರಾಯ್ ಡಿಫ್ ಎಂಬ ಉಪಕರಣ ಮಾಡಿದರು. ಎರಡು ಫೈಲು ಕೊಟ್ಟರೆ ಎಲ್ಲಿ ವ್ಯತ್ಯಾಸವಿದೆ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ವ್ಯತ್ಯಾಸ ಇಲ್ಲದಿದ್ದರೆ ಏನೂ ಹೇಳುವುದಿಲ್ಲ, 0 ಎಂಬ ಸಂಖ್ಯೆಯನ್ನು ಒಳಗೊಳಗೇ ಹಿಂತಿರುಗಿಸುತ್ತದೆ. ವ್ಯತ್ಯಾಸ ಇದ್ದರೆ 1. ಆಜ್ಞೆಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಓಡಿಸುವ ಶೆಲ್ ಈ ಸಂಖ್ಯೆಯನ್ನು ನೋಡಿ ಮುಂದಿನ ಹೆಜ್ಜೆ ತೀರ್ಮಾನಿಸಬಲ್ಲದು. ಪರೀಕ್ಷೆಗೆ ಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ. ಒಂದು ಪಠ್ಯ ಕೊಡು, ಒಂದು ಆಜ್ಞೆ ಕೊಡು, ಬಂದ ಫಲವನ್ನು ‘ಸರಿ’ ಎಂದು ಮೊದಲೇ ಬರೆದಿಟ್ಟ ಫೈಲಿನ ಜೊತೆ ಹೋಲಿಸು. ಒಂದೇ ಆಗಿದ್ದರೆ ಸುಮ್ಮನಿರು, ಇಲ್ಲದಿದ್ದರೆ ಕೂಗು.

ಉಪಕರಣ ಇತ್ತು, ಅದನ್ನು ಪ್ರತಿ ಸಲವೂ ಬಳಸಬೇಕೆಂಬ ಶಿಸ್ತಿಗೆ ಕಾರಣ ಒದಗಿಸಿದ್ದು ದೊಡ್ಡ ತಂತ್ರಾಂಶಗಳ ಕಹಿ ಅನುಭವ. ಐಬಿಎಂನ ಬೃಹತ್ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಒಂದು ಅಂದಾಜು ಕೊಟ್ಟರು. ಒಂದು ತಪ್ಪನ್ನು ತಿದ್ದಿದಾಗ ಹೊಸ ತಪ್ಪೊಂದು ಒಳಬರುವ ಸಂಭವ ಶೇ. 20ರಿಂದ 50ರಷ್ಟು. ಹಾಗಾಗಿ ಪ್ರತಿ ತಿದ್ದುಪಡಿಯ ಮೇಲೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಬೇಕು ಎಂಬುದು ಅವರ ವಾದ. ತಿದ್ದುವುದೇ ಅಪಾಯದ ಕೆಲಸ ಎಂಬ ಮಾತು ಕರಡು ತಿದ್ದುವವರಿಗೆ ಹೊಸದಲ್ಲ. ಕೊನೆಯ ಕರಡಿನಲ್ಲಿ ಸೇರಿಸಿದ ಸಾಲಿನಲ್ಲೇ ಅಚ್ಚಿನ ತಪ್ಪು ಉಳಿಯುವುದನ್ನು ಯಾರು ಕಂಡಿಲ್ಲ?

*

ಇಂಥ ಪರೀಕ್ಷೆಗಳನ್ನು ನೋಡಲು ಎಲ್ಲೂ ಅನುಮತಿ ಕೇಳಬೇಕಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ಯುನಿಕ್ಸ್‌ನಂಥದ್ದೇ ವ್ಯವಸ್ಥೆ, ಆದರೆ ಯಾರು ಬೇಕಾದರೂ ಮೂಲವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಎಡ್, ಸೆಡ್, ಗ್ರೆಪ್‌ಗಳ ಗ್ನೂ ಆವೃತ್ತಿಗಳು ಬಂದವು. ಮೂಲದ ಜೊತೆಗೇ ಪರೀಕ್ಷೆಗಳ ಕಟ್ಟೂ ಬರುತ್ತದೆ.

ಎಡ್‌ನ ಪರೀಕ್ಷಾ ಕಡತ ತೆರೆದರೆ ಒಂದೇ ಹೆಸರಿನ ಮೂರು ಮೂರು ಫೈಲುಗಳು ಕಾಣುತ್ತವೆ. ಒಂದರಲ್ಲಿ ಆರಂಭದ ಪಠ್ಯ, ಒಂದರಲ್ಲಿ ಎಡ್‌ಗೆ ಕೊಡುವ ಆಜ್ಞೆಗಳು, ಇನ್ನೊಂದರಲ್ಲಿ ಬರಬೇಕಾದ ಫಲ. ಇವನ್ನು ಜೋಡಿಸಿ ಓಡಿಸುವುದು ಒಂದು ಪುಟ್ಟ ಶೆಲ್ ಸ್ಕ್ರಿಪ್ಟು. ತಪ್ಪು ಆಜ್ಞೆಗೆ ಎಡ್ ತಪ್ಪು ಎಂದೇ ಹೇಳಬೇಕು. ಅದನ್ನು ನೋಡುವ ಫೈಲುಗಳು ಬೇರೆ. ಸೆಡ್‌ನಲ್ಲೂ ಬಹುಕಾಲ ಇದೇ ಏರ್ಪಾಟು. ನಿರೀಕ್ಷಿತ ಫಲದ ಫೈಲಿಗೆ ಅಲ್ಲಿನ ಹೆಸರು ‘ಗುಡ್’.

ಸೆಡ್ ಮತ್ತು ಗ್ರೆಪ್ ಎರಡರ ಪರೀಕ್ಷೆಗಳಲ್ಲೂ ‘ಖದಾಫಿ’ ಹೆಸರಿನದೊಂದಿದೆ. ಲಿಬಿಯಾದ ನಾಯಕ ಮುಅಮ್ಮರ್ ಗದ್ದಾಫಿಯ ಹೆಸರನ್ನು ಅರಬಿಯಿಂದ ರೋಮನ್ ಲಿಪಿಗೆ ತರುವಾಗ ಕ, ಗ, ಖ ಯಾವುದೂ ಆಗಬಹುದು. ದ ಒಂದೋ ಎರಡೋ, ಹಕಾರ ಉಂಟೋ ಇಲ್ಲವೋ. ಬಳಕೆಯಲ್ಲಿದ್ದ 30ಕ್ಕೂ ಹೆಚ್ಚು ಕಾಗುಣಿತಗಳನ್ನು ಪಟ್ಟಿ ಮಾಡಿ, ಅವೆಲ್ಲಕ್ಕೂ ಹೊಂದುವ ಒಂದೇ ವಿನ್ಯಾಸ ಬರೆದು, ಎಲ್ಲ ಸಾಲೂ ಸಿಗಬೇಕು ಎನ್ನುವುದೇ ಆ ಪರೀಕ್ಷೆ. ಅನುವಾದಕರ ದಿನನಿತ್ಯದ ಗೋಳೊಂದು ಹೀಗೆ ಉಪಕರಣದ ಗುಣಪರೀಕ್ಷೆಯಾಗಿ ಕುಳಿತಿದೆ. ಗ್ರೆಪ್‌ನಲ್ಲಿ ಜಪಾನಿ ಅಕ್ಷರಸಂಕೇತಗಳಿಗೆ, ಚುಕ್ಕಿ ಇರುವ ಮತ್ತು ಇಲ್ಲದ ಟರ್ಕಿಯ ಎರಡು ‘ಐ’ಗಳಿಗೆ ಬೇರೆ ಬೇರೆ ಪರೀಕ್ಷೆಗಳಿವೆ. ಈ ಕಟ್ಟಿನಲ್ಲಿ ಹಲವು ಪರೀಕ್ಷೆಗಳ ಹಿಂದೆ ಎಲ್ಲೋ ಯಾರಿಗೋ ಆದ ನಿಜವಾದ ತೊಂದರೆಯೊಂದು ಇರುತ್ತದೆ. ನಡೆದ ತಪ್ಪುಗಳ ದಿನಚರಿ ಎಂದು ಅದನ್ನು ಓದಬಹುದು.

ಈ ಸ್ಕ್ರಿಪ್ಟುಗಳಿಗೂ ತಮ್ಮದೇ ಮೋಸಗಳಿವೆ. ಆಜ್ಞೆಯ ಫಲವನ್ನು ಶೆಲ್‌ನ ಒಳಗೇ ಹಿಡಿದಿಟ್ಟು ಹೋಲಿಸಿದರೆ, ಕೊನೆಯಲ್ಲಿರುವ ಸಾಲುಮುರಿತಗಳನ್ನು ಶೆಲ್ ಕೇಳದೆಯೇ ಕಳಚಿಹಾಕುತ್ತದೆ. ಸೆಡ್ ಕೊನೆಯ ಸಾಲನ್ನು ಕೆಡಿಸಿದ್ದರೂ ಪರೀಕ್ಷೆ ಪಾಸಾಗುತ್ತದೆ. ಹಾಗಾಗಿ ಫೈಲಿಗೆ ಬರೆದು ಫೈಲನ್ನೇ ಹೋಲಿಸಬೇಕು. ಕಂಪ್ಯೂಟರಿಗೆ ಯಾವ ಭಾಷಾ ಪರಿಸರ ಹೇಳಿದ್ದೇವೆ ಎಂಬುದರ ಮೇಲೂ ಫಲ ಬದಲಾಗುತ್ತದೆ. ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥದ ಚುಕ್ಕಿ ಒಂದು ಪರಿಸರದಲ್ಲಿ ಒಂದು ಬೈಟನ್ನಷ್ಟೇ ಹಿಡಿಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ‘ಕ’ ಮೂರು ಬೈಟು; ಅಂಥಲ್ಲಿ ಸೆಡ್ ಒಂದು ಅಕ್ಷರವನ್ನು ಮೂರು ತುಂಡು ಮಾಡಿ ಒಂದನ್ನು ಕಿತ್ತುಕೊಳ್ಳಬಹುದು. ಪರೀಕ್ಷೆ ಬರೆಯುವವರು ಯಾವ ಪರಿಸರದಲ್ಲಿ ಓಡಬೇಕೆಂದು ಮೊದಲ ಸಾಲಿನಲ್ಲೇ ಗೊತ್ತುಮಾಡುವುದು ಇದಕ್ಕಾಗಿಯೇ.

*

2001ರ ಜುಲೈಯಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿ; ಉದ್ಘಾಟಿಸಲು ಸ್ಟಾಲ್‌ಮನ್ ಬಂದಿದ್ದರು. ಮುಂದಿನ ವರ್ಷ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಗುಂಪು ಹುಟ್ಟಿತು. ಕೆಲವೇ ವರ್ಷಗಳಲ್ಲಿ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲೂ ಗ್ನೂ/ಲಿನಕ್ಸ್ ಬಂತು. ಹೀಗೆ ಸೆಡ್, ಗ್ರೆಪ್, ಡಿಫ್‌ಗಳು ಮಲಯಾಳಂ ಪಠ್ಯವನ್ನು ಮುಟ್ಟತೊಡಗಿದವು. ಮುಟ್ಟಿದ ಕೂಡಲೇ ಒಂದು ಹಳೆಯ ಪ್ರಶ್ನೆ ಎದ್ದು ನಿಂತಿತು: ಎರಡು ಪದ ‘ಒಂದೇ’ ಎಂದು ಹೇಳುವವರು ಯಾರು?

ಮಲಯಾಳಂನಲ್ಲಿ ಚಿಲ್ಲಕ್ಷರ ಎಂಬ ವರ್ಗವಿದೆ. ಸ್ವರವಿಲ್ಲದ ನ್, ಣ್, ರ್, ಲ್, ಳ್‌ಗಳಿಗೆ ಅಲ್ಲಿ ಬೇರೆಯೇ ಆಕಾರ. ಅಪರೂಪಕ್ಕೆ ಕ್‌ಗೂ ಉಂಟು. ಚಿಲ್ಲು ನಕಾರದಲ್ಲಿ ಮುಗಿಯುವ ‘ಅವನ್’ ಎಂದರೆ ಅವನು. ಅದೇ ಕೊನೆಯ ನಕಾರಕ್ಕೆ ಚಂದ್ರಕ್ಕಲ ಎಂಬ ಚಿಹ್ನೆ ಹಾಕಿದರೆ ಕೊನೆಗೆ ಅರ್ಧ ಉಕಾರದಂಥ ಸ್ವರ ಕೇಳಿಸುತ್ತದೆ, ಅರ್ಥ ‘ಅವನಿಗೆ’ ಎಂದಾಗುತ್ತದೆ. ಮೊದಲ ಯೂನಿಕೋಡ್ ಆವೃತ್ತಿಗಳಲ್ಲಿ ಚಿಲ್ಲಿಗೆ ಸ್ವಂತ ಸ್ಥಾನ ಇರಲಿಲ್ಲ. ನಕಾರ, ಚಂದ್ರಕ್ಕಲ, ಆಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ, ಹೀಗೆ ಮೂರು ಸಂಕೇತ ಸೇರಿ ಒಂದು ಚಿಲ್ಲು. ಆ ಕಾಣದ ಜೋಡಕವನ್ನು ಹುಡುಕಾಟ, ಹೋಲಿಕೆಯ ಸಂದರ್ಭಗಳಲ್ಲಿ ಕಡೆಗಣಿಸುವುದು ವಾಡಿಕೆ. ಕಡೆಗಣಿಸಿದರೆ ‘ಅವನು’ ಹೋಗಿ ‘ಅವನಿಗೆ’ ಆಗುತ್ತದೆ. ಕರ್ತೃ ಇದ್ದಲ್ಲಿ ಚತುರ್ಥಿ ಬಂದು ಕೂರುತ್ತದೆ.

ಇದಕ್ಕೆ ಪರಿಹಾರವೆಂದು 2008ರ ಏಪ್ರಿಲ್‌ನಲ್ಲಿ ಬಂದ ಯೂನಿಕೋಡ್ 5.1 ಆರು ಚಿಲ್ಲುಗಳಿಗೂ ಸ್ವಂತ ಸ್ಥಾನ ಕೊಟ್ಟಿತು. ಅದಕ್ಕೆ ಮುಂಚೆಯೂ ಆಮೇಲೂ ಕೇರಳದಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಅರ್ಥಭೇದ ಇರುವಲ್ಲಿ ಸಂಕೇತಭೇದವೂ ಇರಲೇಬೇಕು ಎಂದು ಒಂದು ಪಕ್ಷ. ಆಗಲೇ ಬರೆದಿಟ್ಟ ಪಠ್ಯದ ಗತಿಯೇನು, ನೋಡಲು ಒಂದೇ ಥರದ ಎರಡು ಬರವಣಿಗೆ ಇದ್ದರೆ ಮೋಸಕ್ಕೆ ದಾರಿಯಾಗುವುದಿಲ್ಲವೇ ಎಂದು ಇನ್ನೊಂದು ಪಕ್ಷ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರು ಬಹುಕಾಲ ಎರಡನೆಯ ಪಕ್ಷದಲ್ಲಿದ್ದರು. ಭಾಷಾಶಾಸ್ತ್ರ ಓದಿದವಳಾಗಿ ನನಗೆ ಎರಡೂ ವಾದಗಳು ಸರಿ ಎನಿಸುತ್ತವೆ. ತೊಂದರೆ ಇರುವುದು ಅಲ್ಲೇ.

ಫಲ ಏನಾಯಿತೆಂದರೆ, ತೆರೆಯ ಮೇಲೆ ಅಕ್ಷರಶಃ ಒಂದೇ ಥರ ಕಾಣುವ ‘ಅವನ್’ ಎರಡಾಯಿತು. ಕೊನೆಯ ಆ ಒಂದು ಅಕ್ಷರ ಹಳೆಯದರಲ್ಲಿ 9 ಬೈಟು, ಹೊಸದರಲ್ಲಿ 3. ಎರಡೂ ಸಮಾನ ಎಂದು ಯೂನಿಕೋಡ್ ಮಾನಕ ಸಾರಲಿಲ್ಲ. ಡಿಫ್‌ಗೆ ಕೊಟ್ಟರೆ ಅದು ಎರಡು ಸಾಲುಗಳನ್ನೂ ಮುಂದಿಟ್ಟು ‘ಬೇರೆ’ ಎನ್ನುತ್ತದೆ. ಓದುವವನಿಗೆ ವ್ಯತ್ಯಾಸ ಕಾಣುವುದಿಲ್ಲ; ಯಂತ್ರಕ್ಕೆ ಹೋಲಿಕೆ ಕಾಣುವುದಿಲ್ಲ. ‘ಸರಿ’ ಎಂದು ಬರೆದಿಟ್ಟ ಫೈಲು 2007ರದ್ದಾಗಿದ್ದು ಸ್ಕ್ರಿಪ್ಟು 2009ರ ಕೀಲಿಮಣೆಯಿಂದ ಬಂದ ಪಠ್ಯವನ್ನು ನೋಡಿದರೆ, ಯಾರೂ ಏನೂ ತಪ್ಪು ಮಾಡದೆಯೇ ಪರೀಕ್ಷೆ ಬೀಳುತ್ತದೆ.

ಹಾಗಾಗಿ ಹೋಲಿಸುವ ಮುಂಚೆ ಎಲ್ಲವನ್ನೂ ಒಂದು ರೂಪಕ್ಕೆ ತರುವ ಹೆಜ್ಜೆ ಅನಿವಾರ್ಯವಾಯಿತು. ವಿಕಿಪೀಡಿಯ ಓಡುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಹಳೆಯ ಚಿಲ್ಲುಗಳನ್ನು ಹೊಸದಕ್ಕೆ ಬದಲಿಸುವ ವ್ಯವಸ್ಥೆಯನ್ನೇ ಸೇರಿಸಬೇಕಾಯಿತು. ಇನ್ನೊಂದು ತುದಿಯಲ್ಲಿ, ಯೂನಿಕೋಡಿಗೂ ಮುಂಚಿನ ಫಾಂಟುಗಳಲ್ಲಿ ಸಿಕ್ಕಿಬಿದ್ದ ಪಠ್ಯವನ್ನು ಬಿಡಿಸಿ ತರಲು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ‘ಪಯ್ಯನ್ಸ್’ ಎಂಬ ಕಮಾಂಡ್ ಲೈನ್ ಉಪಕರಣ ಮಾಡಿತು. ವಿ.ಕೆ.ಎನ್. ಅವರ ಪ್ರಸಿದ್ಧ ಪಾತ್ರದ ಹೆಸರು ಅದು. ಪ್ರತಿ ಫಾಂಟಿಗೂ ಒಂದು ಪಟ್ಟಿ, ಈ ಗುರುತಿಗೆ ಈ ಅಕ್ಷರ ಎಂದು. ನುಡಿ, ಬರಹ ಫಾಂಟುಗಳಿಂದ ಪಠ್ಯ ಹೊರತೆಗೆದ ಕನ್ನಡಿಗರಿಗೆ ಈ ಪಾಡು ವಿವರಿಸಬೇಕಿಲ್ಲ.

ಈ ಪ್ರಶ್ನೆ ತಿರುವನಂತಪುರಕ್ಕೆ ಹೊಸದೂ ಅಲ್ಲ. 1905ರಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಅಲ್ಲಿ ಟ್ರಿವೇಂಡ್ರಂ ಸಂಸ್ಕೃತ ಸೀರೀಸ್ ಆರಂಭಿಸಿದರು. ಭಾಸನದೆಂದು ಅವರು ಗುರುತಿಸಿದ ನಾಟಕಗಳು 1912ರಿಂದ ಅದರಲ್ಲಿ ಬೆಳಕು ಕಂಡವು. ತಾಳೆಗರಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸುವುದು ಕೈಯಿಂದ ಮಾಡುವ ಡಿಫ್. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗ್ರಂಥಸಂಪಾದಕನ ಬಳಿ ‘ಗುಡ್’ ಫೈಲು ಇರುವುದಿಲ್ಲ. ಇರುವ ಪ್ರತಿಗಳೆಲ್ಲ ಒಂದಲ್ಲ ಒಂದು ಕಡೆ ಕೆಟ್ಟಿರುತ್ತವೆ. ಸರಿಯಾದದ್ದನ್ನು ಅವನು ಊಹಿಸಿ ಕಟ್ಟಬೇಕು, ಕಟ್ಟಿದ್ದಕ್ಕೆ ಕಾರಣ ಹೇಳಬೇಕು. ಪರೀಕ್ಷೆ ಬರೆಯುವವನು ಸರಿಯಾದದ್ದು ತನಗೆ ಗೊತ್ತಿದೆ ಎಂದು ನಂಬಿ ಹೊರಡುತ್ತಾನೆ. ಆ ನಂಬಿಕೆಗೂ ಕಾರಣ ಹೇಳಬೇಕಾಗುತ್ತದೆ ಎಂಬುದನ್ನು ಚಿಲ್ಲಿನ ಜಗಳ ತೋರಿಸಿಕೊಟ್ಟಿತು.

*

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಸ್ಕ್ರಿಪ್ಟಿಗೂ ಒಂದು ಪರೀಕ್ಷಾ ಕಡತ ಮಾಡಿದೆ. ಪ್ರತಿ ಪರೀಕ್ಷೆಗೆ ಎರಡು ಪುಟ್ಟ ಫೈಲು, ಒಂದು ‘ಒಳಗೆ’, ಇನ್ನೊಂದು ‘ಸರಿ’. ಎಲ್ಲವನ್ನೂ ಓಡಿಸುವ ಶೆಲ್ ಸ್ಕ್ರಿಪ್ಟು ಹತ್ತೇ ಸಾಲು.

ಮೊದಲ ಪರೀಕ್ಷೆ ಮಾಷ್ಟ್ರದು. ‘ಮನೆ ಪೂರ್ತಿ ಕೊಚ್ಚಿ ಹೋಗಿದ್ದರೆ’ ಎಂಬುದು ಇದ್ದ ಹಾಗೆಯೇ ಹೊರಬರಬೇಕು. ಎರಡನೆಯದು ವಿಭಕ್ತಿಗಳದು. ಮೂರನೆಯದು ಹೆಸರುಗಳದು. ಟ್ರಿವೇಂಡ್ರಂ 1991ರಲ್ಲಿ ಅಧಿಕೃತವಾಗಿ ತಿರುವನಂತಪುರಂ ಆಯಿತು, ಕೊಚ್ಚಿನ್ 1996ರಲ್ಲಿ ಕೊಚ್ಚಿ ಆಯಿತು; ಆದರೆ ಕೊಚ್ಚಿನ್ ಶಿಪ್‌ಯಾರ್ಡ್, ಕೊಚ್ಚಿನ್ ವಿಶ್ವವಿದ್ಯಾಲಯ ಹಳೆಯ ಹೆಸರನ್ನೇ ಉಳಿಸಿಕೊಂಡಿವೆ. ಅವನ್ನು ಮುಟ್ಟಬಾರದು. ನಾಲ್ಕನೆಯದರಲ್ಲಿ ಸ್ಕ್ರಿಪ್ಟನ್ನು ಒಂದೇ ಫೈಲಿನ ಮೇಲೆ ಎರಡು ಸಲ ಓಡಿಸಬೇಕು. ‘ಕೊಚ್ಚಿ ನಗರ ನಗರ’ ಬರಬಾರದು.

ಐದನೆಯದು ನನ್ನನ್ನೇ ಬೆಚ್ಚಿಬೀಳಿಸಿತು. ಮಲಯಾಳಂನವರ ಚಿಲ್ಲಿನ ಬಗ್ಗೆ ಓದುತ್ತಿದ್ದವಳಿಗೆ ನಮ್ಮ ‘ಕೊ’ ನೆನಪಾಯಿತು. ಕನ್ನಡದಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ನಮ್ಮ ಅದೃಷ್ಟಕ್ಕೆ ಇವೆರಡೂ ಸಮಾನ ಎಂದು ಯೂನಿಕೋಡ್ ಹೇಳಿದೆ. ಆದರೆ ಸೆಡ್‌ಗೆ ಆ ಮಾತು ಗೊತ್ತಿಲ್ಲ, ಅದು ಸಂಕೇತಗಳನ್ನಷ್ಟೇ ನೋಡುತ್ತದೆ. ಬೇರೆ ಬೇರೆ ಕಡೆಯಿಂದ ಬಂದ ನಲವತ್ತು ಫೈಲುಗಳಲ್ಲಿ ಎರಡರಲ್ಲಿ ‘ಕೊಚ್ಚಿ’ ಎರಡನೆಯ ರೀತಿಯಲ್ಲಿತ್ತು. ನನ್ನ ಸ್ಕ್ರಿಪ್ಟು ಅವನ್ನು ನೋಡಿಯೂ ನೋಡದಂತೆ ದಾಟಿಹೋಗಿತ್ತು. ಯಾರ ಕಣ್ಣಿಗೂ, ಮಾಷ್ಟ್ರ ಕಣ್ಣಿಗೂ, ಅದರ ಕಾರಣ ಕಾಣುವ ಹಾಗಿರಲಿಲ್ಲ. ಆಮೇಲಿಂದ ಮೊದಲು ಎಲ್ಲವನ್ನೂ ಒಂದು ರೂಪಕ್ಕೆ ತಂದು ನಂತರವೇ ತಿದ್ದುವುದು.

ಆರನೆಯದನ್ನು ಇವತ್ತಿಗೂ ಬಗೆಹರಿಸಿಲ್ಲ. ‘ಕೊಚ್ಚಿ ಹೋಗಿ ಬಂದೆ’ ಎಂದು ಜನ ಮಾತಿನಲ್ಲಿ ಅನ್ನುತ್ತಾರೆ, ಹೇಳಿಕೆಗಳಲ್ಲಿ ಅದು ಹಾಗೆಯೇ ದಾಖಲಾಗುತ್ತದೆ. ಅದು ಊರೋ ಪ್ರವಾಹವೋ ಎಂದು ಹೇಳಲು ಮುಂದಿನ ಪದ ಸಾಲದು, ಇಡೀ ವಾಕ್ಯ ಬೇಕು, ಕೆಲವೊಮ್ಮೆ ಹೇಳಿದವರ ಪರಿಚಯವೇ ಬೇಕು. ಅಲ್ಲಿ ‘ಸರಿ’ ಫೈಲಿನಲ್ಲಿ ನಾನು ಬರೆದಿಟ್ಟದ್ದು ಇಷ್ಟೇ: ಸ್ಕ್ರಿಪ್ಟು ಅಂಥ ಸಾಲನ್ನು ಮುಟ್ಟಬಾರದು, ಬೇರೆ ಪಟ್ಟಿಗೆ ಹಾಕಬೇಕು, ಆ ಪಟ್ಟಿಯನ್ನು ಮನುಷ್ಯರೊಬ್ಬರು ಓದಬೇಕು. ಗೊತ್ತಿಲ್ಲದಿದ್ದರೆ ನಿಲ್ಲು ಎಂಬುದನ್ನೂ ಪರೀಕ್ಷೆಯಾಗಿ ಬರೆಯಬಹುದು ಎಂದು ಕಲಿತದ್ದು ಹೀಗೆ. ಅರ್ಥವಾಗದ ಆಜ್ಞೆಗೆ ಎಡ್ ತೋರಿಸುವ ಪ್ರಶ್ನಾರ್ಥಕ ಚಿಹ್ನೆಯನ್ನು ಜನ ಐವತ್ತು ವರ್ಷದಿಂದ ಗೇಲಿ ಮಾಡುತ್ತಾ ಬಂದಿದ್ದಾರೆ. ನನಗೀಗ ಅದು ಸಭ್ಯ ನಡವಳಿಕೆ ಎನಿಸುತ್ತದೆ.

ಕೈಪಿಡಿಯ ಕೆಲಸ ಮುಗಿದು ವರ್ಷಗಳಾದವು. ಪರೀಕ್ಷೆಗಳ ಕಡತ ಮಾತ್ರ ಬೆಳೆಯುತ್ತಲೇ ಇದೆ. ಬೇರೆ ಕೆಲಸಗಳ ತಪ್ಪುಗಳೂ ಅದರೊಳಗೆ ಬಂದು ಸೇರಿಕೊಂಡಿವೆ. ಸ್ಕ್ರಿಪ್ಟಿನಲ್ಲಿ ಏನೇ ಬದಲಿಸಿದರೂ ಮೊದಲು ಅದನ್ನು ಓಡಿಸುತ್ತೇನೆ. ಎಲ್ಲ ಸರಿ ಇದ್ದರೆ ತೆರೆಯ ಮೇಲೆ ಏನೂ ಬರುವುದಿಲ್ಲ. ಮೊದಲ ಫೈಲಿನ ಹೆಸರು ಇವತ್ತಿಗೂ ‘ಮಾಷ್ಟ್ರು’. ಅವರು ಮೂರನೆಯ ಸಲ ಫೋನ್ ಮಾಡಬೇಕಾಗಿ ಬರಲಿಲ್ಲ.